ಮೂರನೆಯ ದಿನದ ಕೂಗು

ಬಡಗಿಗಳ ಓಣಿ, ಮನ್ಸೂರಾ
ಮಾರ್ಚ್ ೨೬

ಚಂದಾದಾರರ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೆ,

ಇದು ನಾನು ನಿಮ್ಮ ಸಂಸ್ಥೆಗೆ ಬರೆಯುತ್ತಿರುವ ಎಂಟನೆಯ ಪತ್ರ. ಹಿಂದಿನ ಏಳಕ್ಕೆ ಉತ್ತರ ಬಂದಿಲ್ಲ. ಆದುದರಿಂದ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗಿದೆ.

ನನ್ನ ಹೆಸರು ಲುತ್ಫಿ ಅಬ್ದುಲ್ ಬಾಕಿ, ನಿವೃತ್ತ ಮುಖ್ಯೋಪಾಧ್ಯಾಯ. ಮೂರು ವರ್ಷಗಳ ಹಿಂದೆ ನನ್ನ ಒಬ್ಬನೇ ಮಗ ಹಾತಿಮನ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ವಾರದಲ್ಲಿ ಮೂರು ದಿನ ಆಸ್ಪತ್ರೆಯ ಯಂತ್ರ, ನಾಲ್ಕು ದಿನ ಹಾಸಿಗೆ. ಆ ನಾಲ್ಕು ದಿನಗಳಿಗೆ ಅವನಿಗೆ ಉಳಿದಿದ್ದುದು ಫುಟ್ಬಾಲ್ ಒಂದೇ. ಅದಕ್ಕಾಗಿ ನಾನು ನಿಮ್ಮ ಚಂದಾದಾರನಾದೆ. ನಮ್ಮ ಓಣಿಯಲ್ಲಿ ಹಣ ಕಟ್ಟಿ ನಿಮ್ಮ ಪೆಟ್ಟಿಗೆ ಇಟ್ಟುಕೊಂಡ ಮನೆ ನನ್ನದು ಮಾತ್ರ. ಉಳಿದ ನಲವತ್ತು ಮನೆಗಳವರು ಒಬ್ಬನ ತಾರಸಿಯ ಡಿಶ್‌ನಿಂದ ಕೇಬಲ್ ಎಳೆಸಿಕೊಂಡು, ಅವನಿಗೆ ಪುಡಿಗಾಸು ಕೊಟ್ಟು, ಅದೇ ಪಂದ್ಯಗಳನ್ನು ನೋಡುತ್ತಾರೆ. ಜನ ಅದನ್ನು ‘ವಸ್ಲಾ’ ಎಂದು ಮುದ್ದಾಗಿ ಕರೆಯುತ್ತಾರೆ. ನಾನು ಕಳ್ಳತನ ಎನ್ನುತ್ತೇನೆ. ಆ ತಂತಿ ನನ್ನ ಹೊಸ್ತಿಲು ದಾಟಿಲ್ಲ.

ಈ ನಿಷ್ಠೆಗೆ ಪ್ರತಿಯಾಗಿ ನೀವು ಕೊಟ್ಟದ್ದು ಇಷ್ಟು. ಮೂರು ವರ್ಷಗಳಲ್ಲಿ ಮೂರು ಬಾರಿ ದರ ಏರಿಸಿದಿರಿ. ಈಗ ನನ್ನ ಪಿಂಚಣಿಯ ಐದರಲ್ಲೊಂದು ಪಾಲು ನಿಮ್ಮದು. ಮೊದಲ ವರ್ಷ ಒಂದೇ ಪ್ಯಾಕೇಜಿನಲ್ಲಿದ್ದ ಪಂದ್ಯಗಳನ್ನು ಎರಡನೆಯ ವರ್ಷ ಎರಡಾಗಿ ಸೀಳಿದಿರಿ. ಮೂರನೆಯ ವರ್ಷ ಪೆಟ್ಟಿಗೆ ಹಳೆಯದಾಯಿತೆಂದು ಹೊಸದನ್ನು ಕೊಳ್ಳಿಸಿದಿರಿ. ಈ ಚಳಿಗಾಲದ ಕಪ್ ಪಂದ್ಯಾವಳಿಗೆ ಮತ್ತೆ ಬೇರೆ ಶುಲ್ಕ. ಹಣ ಕೊಟ್ಟು ನೋಡುವ ವಾಹಿನಿಯಲ್ಲಿಯೂ ಸೋಪಿನ ಜಾಹೀರಾತು ತಪ್ಪಲಿಲ್ಲ. ಇದೆಲ್ಲವನ್ನೂ ಸಹಿಸಿದೆ. ಆದರೆ ಕೊಂಡ ಸರಕೇ ಕೈಗೆ ಬರದಿದ್ದರೆ? ಆಟಗಾರ ಓಡುತ್ತಿರುವಂತೆಯೇ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು, ನಿಲ್ಲುತ್ತಿತ್ತು. ನಿಮ್ಮ ಸಹಾಯವಾಣಿಯಲ್ಲಿ ನಲವತ್ತು ನಿಮಿಷ ಸಂಗೀತ ಕೇಳಿದ ಮೇಲೆ ಸಿಗುತ್ತಿದ್ದುದು, ಸ್ವಿಚ್ ಆರಿಸಿ ಮತ್ತೆ ಹಾಕಿ ಎಂಬ ಉಪದೇಶ. “ಅಪ್ಪಾ, ಆ ಸಂಗೀತಕ್ಕೂ ಬೇರೆ ಪ್ಯಾಕೇಜ್ ಇರ್ಬೇಕು, ವಿಚಾರಿಸಿ ನೋಡಿ” ಎಂದು ಮಗ ನಗುತ್ತಿದ್ದ. ದುರಸ್ತಿಯವನನ್ನು ಕಳಿಸುತ್ತೇವೆಂದು ಏಳು ಬಾರಿ ಮಾತು ಕೊಟ್ಟಿರಿ. ಯಾರೂ ಬರಲಿಲ್ಲ.

ಫೆಬ್ರವರಿ ೧೨, ಬುಧವಾರ, ಸೆಮಿಫೈನಲ್. ಎಂಬತ್ತೊಂದನೆಯ ನಿಮಿಷದಲ್ಲಿ ನಮ್ಮ ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಆಟಗಾರ ಚೆಂಡನ್ನು ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ; ಅಷ್ಟರಲ್ಲಿ ತೀರ್ಪುಗಾರ ಅವನನ್ನು ತಡೆದು ವಿಡಿಯೊ ಪರೀಕ್ಷಿಸಲು ಹೋದ. ಪರದೆ ನೀಲಿಯಾಯಿತು. ಮತ್ತೆ ಚಿತ್ರ ಬರಲಿಲ್ಲ. ಗೋಲಾಯಿತೆಂಬುದು ನಮಗೆ ತಿಳಿದದ್ದು ಕೆಲವು ನಿಮಿಷಗಳ ಮೇಲೆ ಓಣಿಯ ಇತರ ಮನೆಗಳಿಂದ ಎದ್ದ ಕೂಗಿನಿಂದ. ನನ್ನ ಮಗ ದಿಂಬಿಗೆ ಒರಗಿ, ಕಣ್ಣು ಮುಚ್ಚಿ, ಆ ಕೂಗನ್ನು ಕೇಳಿದ. ಮರುದಿನ ಬೆಳಗ್ಗೆ, ಆಸ್ಪತ್ರೆಗೆ ಹೊರಡಲು ಅಂಗಿ ತೊಡಿಸುತ್ತಿರುವಾಗ, ಅವನ ಹೃದಯ ನಿಂತಿತು. ಅವನಿಗೆ ಇಪ್ಪತ್ತಾರು ವರ್ಷ. ನಿನ್ನೆಗೆ ನಲವತ್ತು ದಿನ ತುಂಬಿತು.

ಹಣ ಹಿಂದಿರುಗಿಸಿ ಎಂದು ಕೇಳುತ್ತಿಲ್ಲ. ಒಂದೇ ಪ್ರಶ್ನೆಗೆ ಲಿಖಿತ ಉತ್ತರ ಬೇಕು: ಆ ನಿಮಿಷದಲ್ಲಿ ಚಿತ್ರ ಹೋದದ್ದು ಏಕೆ?

ಈ ತಿಂಗಳ ಕೊನೆಯಿಂದ ನಾನು ರಾಸ್ ಅಲ್-ಬರ್‌ನಲ್ಲಿ ತಂಗಿಯ ಮನೆಯಲ್ಲಿರುತ್ತೇನೆ. ಉತ್ತರವನ್ನು ಅಲ್ಲಿಗೆ ಕಳುಹಿಸಿ.

ಲುತ್ಫಿ ಅಬ್ದುಲ್ ಬಾಕಿ


ಕೈರೋ
ಏಪ್ರಿಲ್ ೧೪

ಗೌರವಾನ್ವಿತ ಚಂದಾದಾರರೆ,

ತಮ್ಮ ಅಮೂಲ್ಯ ಪತ್ರ ತಲುಪಿತು. ತಮ್ಮ ದುಃಖದಲ್ಲಿ ನಮ್ಮ ಸಂಸ್ಥೆಯ ಇಡೀ ಬಳಗ ಭಾಗಿಯಾಗಿದೆ. ಫೆಬ್ರವರಿ ೧೨ರಂದು ನಮ್ಮ ಪ್ರಸಾರದಲ್ಲಿ ಯಾವ ದೋಷವೂ ದಾಖಲಾಗಿಲ್ಲ.

ತಮ್ಮಂತಹ ಪ್ರಾಮಾಣಿಕರು ಹೆಚ್ಚಿನ ದರ ತೆರಬೇಕಾಗಿರುವುದು ಅಕ್ರಮ ತಂತಿಗಳಿಂದ. ತಮ್ಮ ಓಣಿಯ ನಬವಿ ಸಲಾಮಾ ಎಂಬವರ ಮೇಲೆ ನಾವು ಮೊಕದ್ದಮೆ ಹೂಡಿದ್ದೇವೆ. ಪ್ರಕರಣವು ಫೆಬ್ರವರಿ ೧೫, ಶನಿವಾರ, ಫೈನಲ್ ಪಂದ್ಯದ ಅಕ್ರಮ ಪ್ರಸಾರಕ್ಕೆ ಸಂಬಂಧಿಸಿದ್ದು. ಅಂದು ಸಂಜೆ ನಮ್ಮ ನಿರೀಕ್ಷಕರು ಓಣಿಯ ಬಾಯಲ್ಲಿದ್ದರು. ಗೋಲಿನ ಗಳಿಗೆಯಲ್ಲಿ ಒಳಗಿನಿಂದ ಎದ್ದ ಭಾರೀ ಕೂಗನ್ನು ವೇಳೆ ಸಹಿತ ಬರೆದುಕೊಂಡಿದ್ದಾರೆ. ಓಣಿಯವರಾರೂ ಸಾಕ್ಷಿ ಹೇಳಲು ಒಪ್ಪುತ್ತಿಲ್ಲ. ಆ ಕೂಗನ್ನು ತಾವೂ ಕೇಳಿದ್ದರೆ, ತಮ್ಮ ಒಂದು ಲಿಖಿತ ಹೇಳಿಕೆ ಸಾಕು. ವಿಚಾರಣೆ ಜೂನ್ ೧೦ರಂದು.

ತಮ್ಮ ಚಂದಾ ಜೂನ್ ಕೊನೆಗೆ ಮುಗಿಯಲಿದೆ. ಹೊಸ ದರದಲ್ಲಿ ನವೀಕರಿಸಿದಲ್ಲಿ ಎರಡು ತಿಂಗಳ ಚಲನಚಿತ್ರ ಪ್ಯಾಕೇಜ್ ಉಚಿತ.

ಚಂದಾದಾರರ ವಿಭಾಗದ ಪರವಾಗಿ


ರಾಸ್ ಅಲ್-ಬರ್
ಏಪ್ರಿಲ್ ೨೦

ಶ್ರೀ ನಬವಿ ಸಲಾಮಾ ಅವರಿಗೆ,

ನೀವು ನಾಲ್ಕು ಬಾರಿ ಫೋನ್ ಮಾಡಿದ್ದು ಗೊತ್ತಾಗಿದೆ. ನಾನು ಎತ್ತಲಿಲ್ಲ. ಮುಂದೆಯೂ ಎತ್ತುವುದಿಲ್ಲ.

ನಲವತ್ತು ವರ್ಷಗಳ ಹಿಂದೆ ನಾವಿಬ್ಬರೂ ಕಾಲೇಜಿನ ಚರ್ಚಾಕೂಟದಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು. ಅಲ್ಲಿನ ನಿಯಮ ನಿಮಗೆ ನೆನಪಿರಬಹುದು. ವೇದಿಕೆ ಹತ್ತುವ ಮುನ್ನಾದಿನ ನಮ್ಮ ಮುಖ್ಯ ವಾದವನ್ನು ಬರೆದು ಎದುರಾಳಿಯ ಕೈಗೆ ಕೊಡಬೇಕು. ಅವನು ಸಿದ್ಧನಾಗಿಯೇ ಬರಬೇಕು. ಬದುಕಿನಲ್ಲಿ ನೀವು ಎಲ್ಲ ನಿಯಮಗಳನ್ನು ಬಿಟ್ಟರೂ ನಾನು ಈ ಒಂದನ್ನು ಬಿಟ್ಟಿಲ್ಲ. ಆದ್ದರಿಂದ ಈ ಪತ್ರ.

ವಾಹಿನಿಯ ಸಂಸ್ಥೆ ನಿಮ್ಮ ವಿರುದ್ಧ ನನ್ನ ಹೇಳಿಕೆಯನ್ನು ಕೇಳಿದೆ. ನಾನು ಕೊಡಲಿದ್ದೇನೆ. ಅದರಿಂದ ನಿಮಗೆ ಆರು ತಿಂಗಳ ಸೆರೆಯಾಗಬಹುದೆಂದೂ, ಅಂಗಡಿ ಜಪ್ತಿಯಾಗಬಹುದೆಂದೂ ವಕೀಲರು ಹೇಳಿದರು. ನನ್ನ ಹೇಳಿಕೆಯಲ್ಲಿರುವುದು ಇದು.

ನನ್ನ ಮಗನನ್ನು ಮಣ್ಣು ಮಾಡಿದ ಮೂರನೆಯ ದಿನ. ಓಣಿಯಲ್ಲಿ ಶೋಕದ ಡೇರೆ ಇನ್ನೂ ನಿಂತಿತ್ತು. ಇಳಿಹೊತ್ತಿನ ಅಸರ್ ನಮಾಜು ಮುಗಿದು ಒಂದು ಗಂಟೆ ಆಗಿತ್ತು. ಓದುವವರು ಕುರಾನ್ ಓದುತ್ತಿದ್ದರು. ಜನ ಸಕ್ಕರೆಯಿಲ್ಲದ ಕಾಫಿ ಹಿಡಿದು ತಲೆತಗ್ಗಿಸಿ ಕುಳಿತಿದ್ದರು. ನೀವು ನನ್ನ ಎಡಗಡೆಯಲ್ಲಿದ್ದಿರಿ. ನಡುವೆ ಎದ್ದು, ಯಾರಿಗೂ ಏನೂ ಹೇಳದೆ ಹೊರಟು ಹೋದಿರಿ. ಹತ್ತು ನಿಮಿಷವಾಗಿತ್ತೋ ಇಲ್ಲವೋ, ಓಣಿಯಲ್ಲಿ ಕೂಗು ಎದ್ದಿತು. ಗೋಲಿನ ಕೂಗು. ಓದುವವರು ಆಯತ್ತಿನ ನಡುವೆಯೇ ನಿಂತರು. ನಾನು ಡೇರೆಯ ಹೊರಗೆ ಬಂದು ತಲೆಯೆತ್ತಿದೆ. ಕಂಡದ್ದು ತಂತಿಗಳು, ಎಲ್ಲವೂ ನಿಮ್ಮ ತಾರಸಿಗೆ ಹೋಗುವ ತಂತಿಗಳು.

ಹಾತಿಮ್ ನಿಮ್ಮನ್ನು ಚಿಕ್ಕಪ್ಪ ಎಂದು ಕರೆಯುತ್ತಿದ್ದ. ಅವನ ಶೋಕದ ಮೂರು ದಿನಗಳಲ್ಲಿ ನಿಮ್ಮ ನಲವತ್ತು ಗಿರಾಕಿಗಳಿಗೆ ಒಂದು ಪಂದ್ಯವನ್ನು ತಪ್ಪಿಸಲು ನಿಮ್ಮಿಂದ ಆಗಲಿಲ್ಲ. ತಂತಿಯನ್ನು ನ್ಯಾಯಾಲಯ ನೋಡಿಕೊಳ್ಳಲಿ. ನಾನು ಸಾಕ್ಷಿ ಹೇಳುತ್ತಿರುವುದು ಆ ಕೂಗಿಗೆ.

ಉತ್ತರವಿದ್ದರೆ ಬರೆಯಿರಿ.

ಲುತ್ಫಿ ಅಬ್ದುಲ್ ಬಾಕಿ


ಬಡಗಿಗಳ ಓಣಿ
ಏಪ್ರಿಲ್ ೨೭

ಲುತ್ಫಿ,

‘ಶ್ರೀ ನಬವಿ ಸಲಾಮಾ ಅವರಿಗೆ’ ಎಂಬುದನ್ನು ಓದಿ, ನನ್ನ ಹೆಸರಿನವನು ಇನ್ನೊಬ್ಬ ಇದ್ದಾನೇನೋ ಎಂದು ಲಕೋಟೆ ತಿರುಗಿಸಿ ನೋಡಿದೆ. ನಾನು ನಿನ್ನನ್ನು ನೀನು ಎಂದೇ ಕರೆಯುತ್ತೇನೆ. ಸೆರೆಮನೆಯಿಂದಲೂ ಹಾಗೇ ಕರೆಯುತ್ತೇನೆ.

ನಿಯಮ ನೆನಪಿದೆ ಮಾರಾಯ. ಇನ್ನೊಂದೂ ನೆನಪಿದೆ. ಡಮಿಯೆಟ್ಟಾದವರ ವಿರುದ್ಧ ನಾವು ಬೆಳ್ಳಿಯ ತಟ್ಟೆ ಗೆದ್ದ ವಿಷಯ: ‘ಆಕಾಶಕ್ಕೆ ಬೇಲಿ ಹಾಕಲಾಗದು.’ ಗಾಳಿಯಲ್ಲಿ ಬರುವುದಕ್ಕೆ ಯಾರೂ ಒಡೆಯರಲ್ಲ ಎಂದು ಮೇಜು ಗುದ್ದಿ ಹೇಳಿದವನು ನೀನು. ನಾನು ಪಕ್ಕದಲ್ಲಿ ಕುಳಿತು ನಿನಗೆ ನೀರು ಕೊಟ್ಟವನು. ನೀನು ಅದನ್ನು ಮರೆತು ಮೇಷ್ಟ್ರಾದೆ, ನಾನು ಅದನ್ನು ನಂಬಿ ತಂತಿ ಎಳೆದೆ. ತಂತಿ ತಪ್ಪೇ. ಒಪ್ಪುತ್ತೇನೆ. ಆದರೆ ನಮ್ಮ ಬಡಗಿಗಳು ಇಡೀ ದಿನ ಮರ ಕೊಯ್ದು ಗಳಿಸಿದ್ದನ್ನೆಲ್ಲ ಕೊಟ್ಟರೂ ಆ ಪೆಟ್ಟಿಗೆ ಅವರ ಮನೆಗೆ ಬಾರದು. ತೊಂಬತ್ತು ನಿಮಿಷದ ಸಂತೋಷಕ್ಕೆ ಅವರು ಎಲ್ಲಿಗೆ ಹೋಗಬೇಕು? ಇದು ವಾದವಲ್ಲ, ಸುಮ್ಮನೆ ಹೇಳಿದೆ.

ಈಗ ಆ ದಿನದ ವಿಷಯ. ಹಾತಿಮ್ ಹೋದ ಗುರುವಾರ ಬೆಳಗ್ಗೆಯೇ ನಾನು ತಾರಸಿ ಹತ್ತಿ ಎಲ್ಲ ವಾಹಿನಿ ತೆಗೆದೆ. ನಲವತ್ತು ಮನೆಗೂ ಮೂರು ದಿನ ಕುರಾನ್ ಬಿಟ್ಟು ಬೇರೇನೂ ಹೋಗಲಿಲ್ಲ. ಯಾವ ಗುಂಡಿ ಒತ್ತಿದರೂ ಅದೇ. ಫೈನಲ್ ದಿನ ಕಾಫಿ ಅಂಗಡಿಯ ಬಕ್ರಿ ಮಾತ್ರ ಬಂದು ಹಲ್ಲು ಕಡಿದ. “ಇಡೀ ವರ್ಷ ಕದ್ದು ತೋರಿಸ್ತೀಯ, ಇವತ್ತೇ ಬೇಕಿತ್ತೇನೋ ನಿಂಗೆ ಭಕ್ತಿ?” ಎಂದ. ಆಮೇಲೆ ಅವನೇ ನಾಚಿ ಅಂಗಡಿ ಮುಚ್ಚಿ ಡೇರೆಗೆ ಬಂದು ಕುಳಿತ. ನಿನ್ನ ಬಲಗಡೆ ಮೂರನೆಯವನು. ಬೇಕಿದ್ದರೆ ಯಾರನ್ನಾದರೂ ಕೇಳು.

ಕೂಗು? ಅದು ಎಲ್ಲಿಂದ ಬಂತೆಂದು ನನಗೆ ಗೊತ್ತು. ಹೇಳಲಾರೆ. ಒಬ್ಬರಿಗೆ ಮಾತು ಕೊಟ್ಟಿದ್ದೇನೆ.

ಹೇಳಿಕೆ ಕೊಡಬೇಕೆಂದಿದ್ದರೆ ಕೊಡು. ನನಗೆ ಅರವತ್ಮೂರು. ಸೆರೆಗೆ ಹೋದರೆ ಅಲ್ಲಿನ ಟಿ.ವಿ. ನೆಟ್ಟಗೆ ಮಾಡಿಕೊಂಡಿರುತ್ತೇನೆ. ಆ ಬುಧವಾರ ನಿನ್ನ ಬಾಗಿಲಿಗೆ ಬಂದಿದ್ದೆನಲ್ಲ, ಅದನ್ನು ನಾನು ಎತ್ತುವುದಿಲ್ಲ. ನೀನೂ ಅದನ್ನೇ ಯೋಚಿಸುತ್ತಾ ಕೂರಬೇಡ.

ಊಟ ಸರಿಯಾಗಿ ಮಾಡು.

ನಬವಿ


ರಾಸ್ ಅಲ್-ಬರ್
ಮೇ ೩

ಶ್ರೀ ನಬವಿ ಸಲಾಮಾ ಅವರಿಗೆ,

ನಿಮ್ಮ ಉತ್ತರ ಓದಿದೆ. ಗೊತ್ತಿದೆ ಆದರೆ ಹೇಳಲಾರೆ ಎಂಬುದು ಉತ್ತರವಲ್ಲ. ತಂತಿಯಲ್ಲಿ ಮೂರು ದಿನವೂ ಕುರಾನ್ ಇದ್ದರೆ ಕೂಗಿದವರು ಯಾರು? ಕೂಗು ಸುಳ್ಳಲ್ಲ, ನಾನು ಕೇಳಿದ್ದೇನೆ, ಓದುವವರು ಕೇಳಿದ್ದಾರೆ, ನನಗೆ ಪರಿಚಯವೇ ಇಲ್ಲದ ನಿರೀಕ್ಷಕನೊಬ್ಬ ಕೇಳಿ ಬರೆದುಕೊಂಡಿದ್ದಾನೆ. ಹಾಗಾದರೆ ಸುಳ್ಳು ಎಲ್ಲಿದೆ ಎಂಬುದನ್ನು ನೀವೇ ಹೇಳಿಕೊಳ್ಳಿ. ಕಾಲೇಜಿನ ತಟ್ಟೆಯ ನೆನಪಿನಿಂದ ಇದು ಮುಚ್ಚಿಹೋಗದು.

ಬುಧವಾರದ ವಿಷಯ ಅಪ್ರಸ್ತುತ.

ಜೂನ್ ಒಂದರಂದು ಹೇಳಿಕೆಯನ್ನು ಅಂಚೆಗೆ ಹಾಕುತ್ತೇನೆ. ಈ ಪತ್ರಗಳೆಲ್ಲದರ ಪ್ರತಿಯನ್ನು ನನ್ನ ಹೆಂಡತಿಗೂ ಕಳುಹಿಸಿದ್ದೇನೆ, ಓಣಿಯಲ್ಲಿರುವವಳು ಅವಳು. ನಾಳೆ ಅವಳು ಬೇರೆಯವರ ಬಾಯಿಂದ ಕೇಳುವುದು ಬೇಡ.

ಲುತ್ಫಿ ಅಬ್ದುಲ್ ಬಾಕಿ


ಬಡಗಿಗಳ ಓಣಿ
ಮೇ ೧೨

ಹಾತಿಮನ ಅಪ್ಪನಿಗೆ,

ನಮ್ಮ ನಿಶ್ಚಿತಾರ್ಥದ ವರ್ಷ ಎರಡು ಪತ್ರ ಬರೆದಿದ್ದೆ. ಅದಾದ ಮೇಲೆ ಇದೇ. ಫೋನಿನಲ್ಲಿ ಹೇಳೋಣವೆಂದರೆ ನೀವು ನಡುವೆ ಮಾತಾಡುತ್ತೀರಿ, ಆಮೇಲೆ ನಾನು ಹೇಳಬೇಕಾದದ್ದು ಉಳಿದೇ ಹೋಗುತ್ತದೆ. ಮೂವತ್ತು ವರ್ಷ ಹಾಗೇ ಆಗಿದೆ. ಪತ್ರವನ್ನು ಕೊನೆಯವರೆಗೂ ಓದಿ.

ನೀವು ಕಳಿಸಿದ ಕಾಗದ ಓದಿದೆ. ನಬವಿಯವರನ್ನು ಕರೆದು, ನನಗೆ ಕೊಟ್ಟ ಮಾತು ಬಿಟ್ಟುಬಿಡಿ, ಹೇಳಿಬಿಡಿ ಎಂದೆ. ಅವರು ತಲೆ ಅಲ್ಲಾಡಿಸಿದರು. “ಅತ್ತಿಗೆ, ಅವನು ಆ ಮನೇಲಿ ಇನ್ನೂ ಬದುಕ್ಬೇಕು. ನಾನು ಆರು ತಿಂಗಳಿಗೆ ಹೊರಗೆ ಬರ್ತೀನಿ” ಅಂದರು. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಆ ಕೂಗು ನಮ್ಮ ಮನೆಯದು.

ಸೆಮಿಫೈನಲ್ ದಿನ ಚಿತ್ರ ಹೋದಾಗ ನೀವು ಫೋನ್ ಹಿಡಿದು ನಡುಮನೆಗೆ ಹೋದಿರಿ. ಬಾಗಿಲು ತಟ್ಟಿದ ಸದ್ದು ನನಗೂ ಹಾತಿಮ್‌ಗೂ ಕೇಳಿಸಿತು. ನೀವು ಫೋನಿನಲ್ಲಿ ಕೂಗಾಡುವುದು ಕೇಳಿ ನಬವಿಯವರು ಇಕ್ಕಳ ಹಿಡಿದು ಬಂದಿದ್ದರು. ಡಿಶ್‌ನ ಹತ್ತಿರ ಕೇಬಲ್ ಕೂಡುವ ಕಡೆ ಏನೋ ಆಗಿರಬೇಕು, ಎರಡು ನಿಮಿಷದ ಕೆಲಸ, ಹತ್ತಿ ನೋಡುತ್ತೇನೆ ಎಂದರು. ನೀವು ಹೇಳಿದ್ದೂ ಕೇಳಿಸಿತು. “ಕದ್ದ ಕೈ ನನ್ನ ಪೆಟ್ಟಿಗೆ ಮುಟ್ಟಬಾರದು. ಸಂಸ್ಥೆಯವರು ಬರ್ತಾರೆ.” ಬಾಗಿಲು ಹಾಕಿದಿರಿ. ಆಗಲೇ ಹೊರಗೆ ಕೂಗು ಎದ್ದದ್ದು. ಹಾತಿಮ್ ಕಣ್ಣು ಮುಚ್ಚಿಕೊಂಡ. ಆಮೇಲೆ ನಕ್ಕ. “ಅಮ್ಮಾ, ಎರಡು ಗೆಲುವಾಯ್ತು. ಅಪ್ಪ ವಾದದಲ್ಲಿ, ನಮ್ಮವರು ಆಟದಲ್ಲಿ. ನಾನು ಎರಡನ್ನೂ ಕಿವೀಲೇ ನೋಡ್ದೆ” ಅಂದ. ಅವನಿಗೆ ನಿಮ್ಮ ಮೇಲೆ ಕೋಪ ಇರಲಿಲ್ಲ. ಇದನ್ನು ನಿಮಗೆ ಸಮಾಧಾನವಾಗಲೆಂದು ಬರೆದದ್ದಲ್ಲ, ನಿಜಕ್ಕೂ ಇರಲಿಲ್ಲ.

ಅಂದು ರಾತ್ರಿ ಮಲಗುವ ಮುಂಚೆ ಮಾತು ತೆಗೆದುಕೊಂಡ. “ಶನಿವಾರ ಫೈನಲ್‌ಗೆ ಹುಡುಗರನ್ನೆಲ್ಲ ಕರೆದಿದೀನಿ. ನಾನು ಆಸ್ಪತ್ರೇಲಿದ್ರೂ ಸರಿ, ಬಂದವರನ್ನ ವಾಪಸ್ ಕಳಿಸ್ಬೇಡ. ಈ ಕೋಣೇಲೇ ನೋಡ್ಬೇಕು” ಅಂದ. ಆಗಲಿ ಎಂದೆ. ಅವನು ಆಸ್ಪತ್ರೆಗೂ ಹೋಗಲಿಲ್ಲ.

ಶನಿವಾರ ಹುಡುಗರು ಹದಿನಾಲ್ಕು ಜನ ಮೆಟ್ಟಿಲ ಮೇಲೆ ನಿಂತಿದ್ದರು. ನನ್ನನ್ನು ಕಂಡು ಸಮಾಧಾನ ಹೇಳಿ ಹೋಗುವುದಕ್ಕೆ ಬಂದವರು, ಪಂದ್ಯಕ್ಕಲ್ಲ. ಓಣಿಯಲ್ಲಿ ಎಲ್ಲಿಯೂ ಪಂದ್ಯ ಇಲ್ಲ, ತಂತಿಯಲ್ಲಿ ಕುರಾನ್ ಎಂದು ಅವರಿಗೆ ಗೊತ್ತಿತ್ತು. ಒಳಗೆ ಬನ್ನಿ ಎಂದೆ. ನಡುಮನೆಯ ತುಂಬ ಕಪ್ಪು ಉಟ್ಟ ಹೆಂಗಸರು. ಅವರಲ್ಲೆಲ್ಲ ಹಿರಿಯರಾದ ಹಜ್ಜಾ ಮುನೀರಾ ನನ್ನ ಕೈ ಹಿಡಿದು ಬೈದರು. “ತಲೆ ಕೆಟ್ಟಿದೆಯೇನೇ ನಿಂಗೆ? ಮೂರು ದಿನ ಆಗಿಲ್ಲ, ಕೆಳಗೆ ಗಂಡಸರು ಕೂತಿದಾರೆ.” ಮಾತು ಕೊಟ್ಟಿದ್ದೇನೆ ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಹುಡುಗರನ್ನು ಒಳಗೆ ತಳ್ಳಿ, ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ತಾವೇ ಕುಳಿತರು. ಓಣಿಯ ಹೆಂಗಸರಿಗೆಲ್ಲ ಇದು ಗೊತ್ತು. ನಿಮಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ.

ಪೆಟ್ಟಿಗೆ ಹಾಕಿದರೆ ಮತ್ತೆ ಅದೇ ನೀಲಿ. ನಾನು ಹಜ್ಜಾರ ಮೊಮ್ಮಗಳನ್ನು ಡೇರೆಗೆ ಕಳಿಸಿ ನಬವಿಯವರನ್ನು ಕರೆಸಿದೆ. ಅವರು ನಿಮ್ಮ ಪಕ್ಕದಿಂದ ಎದ್ದು ಬಂದದ್ದು ಅದಕ್ಕೆ. ತಾರಸಿ ಹತ್ತಿದರು. ಕೇಬಲ್ಲಿನ ತುದಿಯ ಪಿನ್ನು ಕಿಲುಬು ಹಿಡಿದು ಹಸಿರಾಗಿತ್ತಂತೆ. ಚಾಕುವಿನಲ್ಲಿ ಕೆರೆದು ಮತ್ತೆ ಸಿಕ್ಕಿಸಿದರು. ಚಿತ್ರ ಬಂತು, ಆಗಲೇ ಅರ್ಧಕ್ಕಿಂತ ಹೆಚ್ಚು ಆಟ ಮುಗಿದಿತ್ತು. ಸದ್ಯಕ್ಕೆ ನಡೆಯುತ್ತದೆ, ಹೊಸ ಪಿನ್ನು ಹಾಕಬೇಕು ಎಂದರು. ಇಷ್ಟೇ ಆಗಿದ್ದದ್ದು, ಮೂರು ವರ್ಷ.

ಕೂಗಬಾರದೆಂದು ಹುಡುಗರಿಂದ ಆಣೆ ಮಾಡಿಸಿದ್ದೆ. ಪಾಪ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನೋಡಿದರು. ಹಾಸಿಗೆಯ ಮೇಲೆ ಯಾರೂ ಕೂರಲಿಲ್ಲ, ಅದನ್ನು ಖಾಲಿ ಬಿಟ್ಟು ಸುತ್ತ ನೆಲದ ಮೇಲೆ ಕುಳಿತರು. ಕಿಟಕಿ ತೆರೆದಿತ್ತು, ಅದು ನನಗೆ ಹೊಳೆಯಲಿಲ್ಲ. ಎಪ್ಪತ್ತನೆಯ ನಿಮಿಷದಲ್ಲಿ ಗೋಲಾಯಿತು.

ಹಾತಿಮನ ಅಪ್ಪಾ, ಮೊದಲು ಕೂಗಿದವಳು ನಾನು. ಹುಡುಗರು ಆಮೇಲೆ.

ಯಾಕೆ ಎಂದು ಕೇಳಬೇಡಿ. ಮೂರು ವರ್ಷ ಅವನ ಕಾಲ ಬಳಿ ಕುಳಿತು ನೋಡಿದವಳು. ಆ ಒಂದು ಗಳಿಗೆ ಅವನು ಹೋದದ್ದು ನನಗೆ ಮರೆತುಹೋಯಿತು. ಕೂಗಿದ ಮೇಲೆ ತಿರುಗಿ ಹಾಸಿಗೆ ನೋಡಿದೆ.

ಹೇಳಿಕೆ ಏನು ಬರೆಯಬೇಕೋ ನೀವೇ ಯೋಚಿಸಿ. ಹುಡುಗರು ಈಗಲೂ ಶುಕ್ರವಾರ ಬರುತ್ತಾರೆ. ನಾನು ಚಹಾ ಮಾಡಿಕೊಡುತ್ತೇನೆ. ಚಿತ್ರ ಮತ್ತೆ ಒಡೆಯಲು ಶುರುವಾಗಿದೆ.

ಇನ್ಸಾಫ್


ರಾಸ್ ಅಲ್-ಬರ್
ಮೇ ೨೩

ಇನ್ಸಾಫ್,

ಕೊನೆಯವರೆಗೂ ಓದಿದೆ. ನಡುವೆ ಮಾತಾಡಲಿಲ್ಲ.

ಒಂದು ವಿಷಯ ಮಾತ್ರ ಬರೆದು ತಿಳಿಸು. ಆ ಗೋಲು ಹೇಗಾಯಿತು?

ಲುತ್ಫಿ


ರಾಸ್ ಅಲ್-ಬರ್
ಜೂನ್ ೧

ಚಂದಾದಾರರ ವಿಭಾಗದ ಮುಖ್ಯಸ್ಥರಿಗೆ,
ಪ್ರತಿ: ಮಾನ್ಯ ನ್ಯಾಯಾಲಯಕ್ಕೆ

ಮಾನ್ಯರೆ,

ನೀವು ಕೇಳಿದ ಹೇಳಿಕೆ ಇದು. ಇದನ್ನು ಪ್ರಮಾಣ ಮಾಡಿ ಹೇಳಲು ಜೂನ್ ಹತ್ತರಂದು ನಾನು ನ್ಯಾಯಾಲಯಕ್ಕೆ ಖುದ್ದಾಗಿ ಬರುತ್ತೇನೆ.

ಫೆಬ್ರವರಿ ೧೫ರಂದು ಬಡಗಿಗಳ ಓಣಿಯಲ್ಲಿ ಗೋಲಿನ ಕೂಗು ಎದ್ದದ್ದು ನಿಜ. ನಾನು ಕೇಳಿದೆ. ಆ ಕೂಗು ನನ್ನ ಮನೆಯದು. ನೀವು ನನಗೆ ಮಾರಿದ ಪೆಟ್ಟಿಗೆಯಿಂದ, ನಾನು ಪೂರ್ತಿ ಹಣ ಕಟ್ಟಿದ ಪ್ಯಾಕೇಜಿನಲ್ಲಿ, ನನ್ನ ಮಗ ಬದುಕಿದ್ದಾಗ ಕರೆದಿದ್ದ ಹದಿನಾಲ್ಕು ಮಂದಿ ಅತಿಥಿಗಳು ಅವನ ಕೋಣೆಯಲ್ಲಿ ಆ ಪಂದ್ಯವನ್ನು ನೋಡಿದರು. ನಾನು ಆಗ ಕೆಳಗೆ ಅವನ ಶೋಕದ ಡೇರೆಯಲ್ಲಿದ್ದೆ. ಶೋಕದ ಮನೆಯಲ್ಲಿ ಮೂರನೆಯ ದಿನ ಹೀಗೆ ನಡೆಯಬಹುದೇ ಎಂದು ಯಾರಾದರೂ ಕೇಳಿದರೆ, ಆ ಮನೆಯ ಯಜಮಾನ ನಾನು. ಉತ್ತರ ನನ್ನಲ್ಲಿ ಕೇಳಲಿ. ನಿಮ್ಮ ಕರಾರಿನ ಹದಿನೇಳನೆಯ ಕಲಮಿನಲ್ಲಿ ‘ಸಾರ್ವಜನಿಕ ಪ್ರದರ್ಶನ’ ಎಂಬುದೊಂದಿದೆ. ಇದು ಅದರಡಿಯಲ್ಲಿ ಬರುವುದಾದರೆ ಆರೋಪಿಯ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆಯಿರಿ.

ಆ ಮೂರು ದಿನ ನಬವಿ ಸಲಾಮಾ ಅವರ ತಂತಿಯಲ್ಲಿ ಕುರಾನ್ ಪಠಣವಲ್ಲದೆ ಬೇರೇನೂ ಇರಲಿಲ್ಲ. ಇದನ್ನು ನಾನು ಓಣಿಯ ಒಂಬತ್ತು ಮನೆಗಳವರಿಗೆ ಫೋನ್ ಮಾಡಿ ವಿಚಾರಿಸಿದ್ದೇನೆ; ಏಪ್ರಿಲಿನಲ್ಲಿಯೇ ವಿಚಾರಿಸಬೇಕಿತ್ತು. ನಿಮ್ಮ ನಿರೀಕ್ಷಕರೂ ನಾನೂ ಒಂದೇ ತಪ್ಪು ಮಾಡಿದೆವು. ಕೂಗು ಕೇಳಿದೊಡನೆ ತಂತಿಗಳನ್ನು ನೋಡಿದೆವು. ಮೇಲಿದ್ದ ತೆರೆದ ಕಿಟಕಿಯನ್ನು ನೋಡಲಿಲ್ಲ.

ಉಳಿದ ದಿನಗಳಲ್ಲಿ ಆ ತಂತಿಯಲ್ಲಿ ಏನು ಹೋಗುತ್ತದೆ ಎಂದು ನ್ಯಾಯಾಲಯ ನನ್ನನ್ನು ಕೇಳಿದರೆ, ನಾನು ಸುಳ್ಳು ಹೇಳುವುದಿಲ್ಲ. ಆದರೆ ನೀವು ಕೇಳಿರುವುದು ಈ ಒಂದು ದಿನದ ಮಾತು.

ಇನ್ನು ನಾನು ಮಾರ್ಚ್‌ನಲ್ಲಿ ಕೇಳಿದ ಪ್ರಶ್ನೆ. ಚಿತ್ರ ಹೋದದ್ದು ಏಕೆ ಎಂದು ನಿಮ್ಮ ಪರವಾಗಿ ನಾನೇ ತಿಳಿದುಕೊಂಡಿದ್ದೇನೆ. ಕೇಬಲ್ಲಿನ ತುದಿಯಲ್ಲಿ ಬೆರಳಿನ ಉಗುರಿನಷ್ಟು ಚಿಕ್ಕ ಪಿನ್ನು, ಕಿಲುಬು ಹಿಡಿದಿತ್ತು. ಏಳು ಬಾರಿ ಮಾತು ಕೊಟ್ಟವರಲ್ಲಿ ಒಬ್ಬರು ಒಮ್ಮೆ ತಾರಸಿ ಹತ್ತಿದ್ದರೆ ಸಾಕಿತ್ತು. ಹತ್ತಲು ಬಂದ ಒಬ್ಬರನ್ನು ನಾನು ಬಾಗಿಲಿನಿಂದ ಹಿಂದೆ ಕಳುಹಿಸಿದೆ. ಅದು ನನ್ನ ಲೆಕ್ಕ. ನಿಮ್ಮದನ್ನು ನೀವು ನೋಡಿಕೊಳ್ಳಿ.

ಚಲನಚಿತ್ರ ಪ್ಯಾಕೇಜ್ ಬೇಡ.

ಲುತ್ಫಿ ಅಬ್ದುಲ್ ಬಾಕಿ


ರಾಸ್ ಅಲ್-ಬರ್
ಜೂನ್ ೨

ನಬವಿ,

ಹೇಳಿಕೆಯ ಪ್ರತಿಯನ್ನು ಇದರೊಡನೆ ಇಟ್ಟಿದ್ದೇನೆ. ನಿಯಮದಂತೆ ಅಂಚೆಗೆ ಹಾಕುವ ಮುಂಚೆಯೇ ನಿನಗೆ ತಲುಪಿಸಬೇಕಿತ್ತು. ಒಂದು ದಿನ ತಡವಾಯಿತು. ನಾಲ್ಕು ಬಾರಿ ಬರೆದು ಹರಿದೆ.

ತಂತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಕಾಲೇಜಿನಲ್ಲಿ ನಾನು ಮೇಜು ಗುದ್ದಿ ಹೇಳಿದ್ದು ತಪ್ಪು. ತೀರ್ಪುಗಾರರು ಅಂದು ತಟ್ಟೆಯನ್ನು ಡಮಿಯೆಟ್ಟಾದವರಿಗೆ ಕೊಡಬೇಕಿತ್ತು. ಬಡಗಿಗಳ ಬಗ್ಗೆ ನೀನು ಕೇಳಿದ ಪ್ರಶ್ನೆಗೆ ಮಾತ್ರ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಇದನ್ನು ನಿನ್ನೊಡನೆ ಎದುರೆದುರು ಕುಳಿತು ಮಾತಾಡಬೇಕು. ಸೋಲುವೆನೆಂಬ ಭಯವಿಲ್ಲ.

ಬುಧವಾರದ ವಿಷಯ ಅಪ್ರಸ್ತುತ ಎಂದು ಬರೆದಿದ್ದೆ. ಅದನ್ನು ಬರೆದ ದಿನದಿಂದ ಈ ಸಮುದ್ರದ ದಡದಲ್ಲಿ ಬೆಳಗ್ಗೆ ಸಂಜೆ ನಡೆಯುತ್ತಿದ್ದೇನೆ. ಬೇರೆ ಯಾವುದೂ ನೆನಪಿಗೆ ಬರುವುದಿಲ್ಲ. ನೀನು ಹೊಸ್ತಿಲ ಹೊರಗೆ ನಿಂತಿದ್ದೆ. ಬಲಗೈಯಲ್ಲಿ ಇಕ್ಕಳ. ಮೆಟ್ಟಿಲು ಓಡಿ ಹತ್ತಿದ್ದರಿಂದ ಏದುಸಿರು ಬಿಡುತ್ತಿದ್ದೆ. ಎರಡು ನಿಮಿಷ ಎಂದು ಬೆರಳು ತೋರಿಸಿದೆ. ನನ್ನ ಹಿಂದಿನ ಕೋಣೆಯಲ್ಲಿ ಅವನು ಕಾಯುತ್ತಿದ್ದ. ನನಗೆ ಆಗ ಮುಖ್ಯವಾದದ್ದು ಒಂದು ಒಳ್ಳೆಯ ವಾಕ್ಯ. ವಾಕ್ಯ ಚೆನ್ನಾಗಿಯೇ ಬಂತು.

ಕ್ಷಮಿಸು ಎಂದು ಬರೆಯಲು ಕುಳಿತರೆ ಕೈ ಮುಂದೆ ಹೋಗುವುದಿಲ್ಲ. ಅಭ್ಯಾಸವಿಲ್ಲ.

ಫೈನಲ್‌ನ ಗೋಲು ಹೇಗಾಯಿತೆಂದು ಇನ್ಸಾಫ್ ಎರಡು ಪುಟ ಬರೆದು ಕಳಿಸಿದಳು. ಎಡಗಡೆಯ ಮೂಲೆಯಿಂದ ಬಂದ ಚೆಂಡು, ಎಲ್ಲರಿಗಿಂತ ಗಿಡ್ಡನೆಯವನು ಹಾರಿ ತಲೆ ಕೊಟ್ಟದ್ದು. ಅವಳಿಗೆ ಇಷ್ಟು ಆಟ ತಿಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಓದಿ ಮುಗಿಸಿ ನಾನೂ ಕಣ್ಣು ಮುಚ್ಚಿಕೊಂಡೆ.

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತೇನೆ. ಚಂದಾ ತಿಂಗಳ ಕೊನೆಯವರೆಗೆ ಇದೆ. ನಾಲ್ಕನೆಯ ಬಾರಿ ದರ ಏರಿಸಿದ್ದಾರೆ, ಮುಂದಿನದನ್ನು ಆಮೇಲೆ ಯೋಚಿಸೋಣ. ಹುಡುಗರು ಸಂಜೆ ಬರುತ್ತಾರಂತೆ. ಚಿತ್ರ ಮತ್ತೆ ಒಡೆಯುತ್ತಿದೆ ಎಂದು ಇನ್ಸಾಫ್ ಬರೆದಿದ್ದಾಳೆ.

ಹೊಸ ಪಿನ್ನು ತೆಗೆದುಕೊಂಡು ಬಾ. ಇಕ್ಕಳ ಮರೆಯಬೇಡ. ಬಾಗಿಲು ನಾನೇ ತೆಗೆಯುತ್ತೇನೆ.

ನಿನ್ನ
ಲುತ್ಫಿ